ಹಳದಿ ದೀಪ ಯಾರ ಪರ?

2010ರ ಏಪ್ರಿಲ್ 1ರಂದು ದೇಶದ 13 ನಗರಗಳಲ್ಲಿ ಹೊಸ ಕಾರುಗಳಿಗೆ ಬಿಎಸ್-4 ಎಂಬ ಹೊಗೆ ನಿಯಮ ಜಾರಿಗೆ ಬಂತು. ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆ, ಸೂರತ್, ಕಾನ್ಪುರ, ಆಗ್ರಾ, ಲಖನೌ. ಇಲ್ಲಿಯವರೆಗೆ ಪಟ್ಟಿ ಓದಿದವರಿಗೆ ಅಚ್ಚರಿಪಡುವಂಥದ್ದೇನೂ ಕಾಣದು. ಹದಿಮೂರನೆಯ ಹೆಸರು ಮಾತ್ರ ಸೊಲ್ಲಾಪುರ. ನಾಗಪುರಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ, ಮೈಸೂರಿಗೂ ಹುಬ್ಬಳ್ಳಿಗೂ ಇರಲಿಲ್ಲ. ಮರುವರ್ಷದ ಜನಗಣತಿಯಲ್ಲಿ ಹತ್ತು ಲಕ್ಷವನ್ನೂ ಮುಟ್ಟದ, ಚಾದರಕ್ಕೂ ಟವೆಲ್ಲಿಗೂ ಹೆಸರಾದ ಊರು ಮಹಾನಗರಗಳ ಪಂಕ್ತಿಯಲ್ಲಿ ಕುಳಿತಿತ್ತು.

ಪಂಕ್ತಿಗೆ ಕರೆದದ್ದು ಮರ್ಯಾದೆ ಮಾಡಲಿಕ್ಕಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2003ರ ಆಗಸ್ಟ್ 14ರಂದು ಒಂದು ಆದೇಶ ಹೊರಡಿಸಿತು. ಉಸಿರಿನೊಂದಿಗೆ ಎದೆಗೂಡಿಗೆ ಇಳಿಯುವ ಸಣ್ಣ ಕಣಗಳ ಪ್ರಮಾಣ ಗಾಬರಿ ಹುಟ್ಟಿಸುವಷ್ಟಿದೆ ಎಂದು ಅದರಲ್ಲಿ ಹೆಸರು ಹಿಡಿದು ಹೇಳಿದ ನಗರಗಳಲ್ಲಿ ಸೊಲ್ಲಾಪುರವೂ ಇತ್ತು. ಆ ಕಣಗಳೆಲ್ಲ ಗಾಡಿಯ ಹೊಗೆಯಿಂದಲೇ ಬಂದವಲ್ಲ. ಮಳೆ ಕಡಿಮೆಯಿರುವ ಈ ಬಯಲಿನಲ್ಲಿ ರಸ್ತೆಯ ಧೂಳಿನ ಪಾಲೂ ಇರುತ್ತದೆ. ಆದರೆ ಧೂಳಿಗೆ ನೋಟಿಸ್ ಕೊಡಲು ಬರುವುದಿಲ್ಲ, ವಾಹನಕ್ಕೆ ಕೊಡಬಹುದು. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗಲೂ ಗಾಳಿಯ ಮಾನದಂಡ ಮುಟ್ಟದ ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರದ ಹೆಸರು ಉಳಿದುಕೊಂಡಿತ್ತು.

2010ರ ಆ ಏಪ್ರಿಲ್‌ನಿಂದ ಒಂದು ಚಮತ್ಕಾರ ನಡೆಯಿತು. ಸೊಲ್ಲಾಪುರ ನಗರದ ಪಂಪುಗಳಲ್ಲಿ ಸಿಗುವ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 50 ಪಾಲು ಮೀರುವಂತಿರಲಿಲ್ಲ. ನಗರದ ಗಡಿ ದಾಟಿದರೆ ಬಿಎಸ್-3 ಇಂಧನ. ಅಲ್ಲಿ ಗಂಧಕಕ್ಕೆ 350 ಪಾಲಿನವರೆಗೆ ಅವಕಾಶವಿತ್ತು. ಸಿದ್ಧೇಶ್ವರನ ಕೆರೆಯ ದಂಡೆಯಿಂದ ಹೊರಟ ಕಾರು ಸುಮಾರು 40 ಕಿಲೋಮೀಟರ್ ಓಡಿ ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನ ಮುಗಿಸಿ, ಅಲ್ಲಿಂದ ಗಾಣಗಾಪುರಕ್ಕೆ ಹೋಗುವ ಮುನ್ನ ಹಾದಿಯ ಮೇಲೆ ಟ್ಯಾಂಕ್ ತುಂಬಿಸಿಕೊಂಡರೆ, ಏಳು ಪಟ್ಟು ಗಂಧಕವಿರುವ ಡೀಸೆಲ್ ಅದರ ಹೊಟ್ಟೆ ಸೇರಬಹುದಿತ್ತು. ಕಾರು ನಗರದ ನಿಯಮಕ್ಕೆ ತಯಾರಾದದ್ದು, ಇಂಧನ ಹಳ್ಳಿಯದ್ದು. ಇಡೀ ದೇಶಕ್ಕೆ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ಕ್ಕೆ. 2020ರ ಏಪ್ರಿಲ್ 1ರಂದು ನಡುವಿನ ಐದನೆಯ ಮೆಟ್ಟಿಲನ್ನು ಬಿಟ್ಟು ನೇರ ಬಿಎಸ್-6ಕ್ಕೆ ಜಿಗಿದಾಗ ಗಂಧಕದ ಮಿತಿ 10 ಪಾಲಿಗೆ ಇಳಿಯಿತು.

ಅದೇ 2010ರ ನಿಯಮದ ಜೊತೆಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ಒಳಗೆ ಬಂತು. ಬಿಎಸ್-4 ಕಾರಿನೊಳಗೆ ತನ್ನ ಹೊಗೆಯ ಮೇಲೆ ತಾನೇ ಕಣ್ಣಿಡುವ ವ್ಯವಸ್ಥೆ ಇರಬೇಕು, ದೋಷ ಕಂಡರೆ ಚಾಲಕನ ಮುಂದೆ ದೀಪ ಹೊತ್ತಿಸಬೇಕು ಎಂಬ ಷರತ್ತು ಅದು. ಇದಕ್ಕೆ ಓಬಿಡಿ ಎಂದು ಹೆಸರು. ಮೊದಲ ಹಂತದಲ್ಲಿ ತಂತಿ ತುಂಡಾಗಿದೆಯೇ, ಸೆನ್ಸರ್ ಬದುಕಿದೆಯೇ ಎಂಬಷ್ಟನ್ನು ನೋಡಿದರೆ ಸಾಕಿತ್ತು. 2013ರ ಏಪ್ರಿಲ್‌ನಿಂದ ಎರಡನೆಯ ಹಂತ: ಸೆನ್ಸರ್ ಬದುಕಿದ್ದರಷ್ಟೇ ಸಾಲದು, ಹೊಗೆ ತೊಳೆಯುವ ಭಾಗಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನೂ ಕಾರು ಅಳೆಯಬೇಕು. ಡ್ಯಾಶ್‌ಬೋರ್ಡ್ ಮೇಲೆ ಎಂಜಿನ್ ಆಕಾರದಲ್ಲಿ ಹೊತ್ತುವ ಹಳದಿ ದೀಪಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಬಲ ಸಿಕ್ಕದ್ದು ಹೀಗೆ, ಸೊಲ್ಲಾಪುರವೂ ಸೇರಿದ ಈ 13 ಊರುಗಳಿಂದ.

ಹಾಗಿದ್ದೂ ಈ ದೀಪದಷ್ಟು ಅವಮಾನ ಉಂಡದ್ದು ಇನ್ನೊಂದಿಲ್ಲ. ಹೆದ್ದಾರಿ ಬದಿಯ ಯಾವ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುವ ಮಾತು: “ಗಾಡಿ ಚಲೋ ನಡದದಲ್ಲ ಸಾಹೇಬ್ರ, ಲೈಟ್ ಹತ್ತಿದ್ರ ಹತ್ತಲಿ ಬಿಡ್ರಿ.” ಮಿಸ್ತ್ರಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಗಾಡಿ ಚಲೋ ನಡೆಯುತ್ತಿರುವಾಗಲೂ ಹೊತ್ತಬೇಕೆಂದೇ ಆ ದೀಪವನ್ನು ಇಟ್ಟದ್ದು. ಅದು ಮಾಲೀಕನ ಸಲುವಾಗಿ ಇಟ್ಟ ದೀಪವಲ್ಲ, ಹಿಂದೆ ಸ್ಕೂಟರ್ ಮೇಲೆ ಬರುವವನ ಮೂಗಿನ ಸಲುವಾಗಿ ಇಟ್ಟದ್ದು.

ಈ ದೀಪದ ಬೇರು ಲಾಸ್ ಏಂಜಲಿಸ್‌ನಲ್ಲಿದೆ. ಅನಾನಸ್ ಹಣ್ಣಿನ ವಾಸನೆಯ ರಸಾಯನಶಾಸ್ತ್ರದಲ್ಲಿ ಮುಳುಗಿದ್ದ ಡಚ್ ಮೂಲದ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್, 1950ರ ದಶಕದ ಆರಂಭದಲ್ಲಿ ಅದೇ ವಿದ್ಯೆಯನ್ನು ಊರಿನ ಗಾಳಿಯತ್ತ ತಿರುಗಿಸಿದರು. ಕಣ್ಣುರಿಸುವ ಆ ಕಂದು ಮಂಜು ವಾಹನ ಮತ್ತು ತೈಲ ಕಾರ್ಖಾನೆಗಳ ಆವಿ ಬಿಸಿಲಿಗೆ ಬೆಂದು ಹುಟ್ಟಿದ್ದು ಎಂದು ತೋರಿಸಿಕೊಟ್ಟರು. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಹೊಸ ಕಾರು ಕಾರ್ಖಾನೆಯಿಂದ ಶುದ್ಧವಾಗಿಯೇ ಹೊರಬರುತ್ತದೆ, ಐದು ವರ್ಷ ಓಡಿದ ಮೇಲೆ ಅದು ಹೇಗಿದೆಯೆಂದು ನೋಡುವವರು ಯಾರು ಎಂಬ ಪ್ರಶ್ನೆ ಆ ಮಂಡಳಿಯನ್ನು ಕಾಡಿತು. ಕಾರಿಗೊಬ್ಬ ಇನ್‌ಸ್ಪೆಕ್ಟರ್ ಇಡಲು ಸಾಧ್ಯವಿಲ್ಲ. ಕಾರಿನೊಳಗೇ ಒಬ್ಬನನ್ನು ಕೂರಿಸಬಹುದು. 1988ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾ ಅದನ್ನು ಕಡ್ಡಾಯ ಮಾಡಿತು. 1996ರ ಹೊತ್ತಿಗೆ ಇಡೀ ಅಮೆರಿಕದ ಕಾರುಗಳಲ್ಲಿ ಒಂದೇ ಅಳತೆಯ 16 ಪಿನ್ನಿನ ಸಾಕೆಟ್ಟು, ಒಂದೇ ಸಂಕೇತ ಪದ್ಧತಿ ಬಂತು. ಇವತ್ತು ಸೊಲ್ಲಾಪುರದ ಶೋರೂಮಿನಿಂದ ಹೊರಬೀಳುವ ಕಾರಿನಲ್ಲೂ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಬೆರಳಾಡಿಸಿದರೆ ಸಿಗುವುದು ಅದೇ ಸಾಕೆಟ್ಟು.

ಈ ಒಳಗಿನ ಇನ್‌ಸ್ಪೆಕ್ಟರ್ ಕೆಲಸ ಮಾಡುವ ರೀತಿ ನಿಂತು ನೋಡುವಂಥದ್ದು.

ಪೆಟ್ರೋಲ್ ಕಾರಿನ ಎಂಜಿನ್‌ನಿಂದ ಹೊರಟ ಹೊಗೆಯಲ್ಲಿ ಮುಖ್ಯವಾಗಿ ಮೂರು ಕೇಡುಗಳಿರುತ್ತವೆ: ಇಂಗಾಲದ ಮೊನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳು. ಮೊದಲ ಎರಡಕ್ಕೆ ಆಮ್ಲಜನಕ ಕೊಟ್ಟು ಸುಡಬೇಕು, ಮೂರನೆಯದರಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಎರಡು ವಿರುದ್ಧ ಕೆಲಸ, ಒಂದೇ ಡಬ್ಬಿಯಲ್ಲಿ. ಆ ಡಬ್ಬಿ ಕ್ಯಾಟಲಿಟಿಕ್ ಕನ್ವರ್ಟರ್; ಒಳಗೆ ಪಿಂಗಾಣಿಯಂಥ ವಸ್ತುವಿನ ಸಾವಿರಾರು ಸಣ್ಣ ಕೊಳವೆಗಳು, ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಪೆಟ್ರೋಲಿನ ಒಂದು ತೂಕಕ್ಕೆ ಗಾಳಿಯ 14.7 ತೂಕ ಸೇರಿದಾಗ ಮಾತ್ರ ಎರಡೂ ಕೆಲಸ ಒಟ್ಟಿಗೆ ಸಾಗುತ್ತವೆ. ಆ ಹದಕ್ಕೆ ಲ್ಯಾಂಬ್ಡಾ 1 ಎಂದು ಹೆಸರು. ಸ್ವಲ್ಪ ಆಚೀಚೆ ಆದರೂ ಒಂದು ಕೆಲಸ ನಿಲ್ಲುತ್ತದೆ. ಬಾಷ್ ತಯಾರಿಸಿದ ಆಮ್ಲಜನಕದ ಸೆನ್ಸರನ್ನು 1976ರಲ್ಲಿ ವೋಲ್ವೋ ತನ್ನ ಕಾರಿಗೆ ಅಳವಡಿಸುವವರೆಗೆ ಹದವನ್ನು ಇಷ್ಟು ನಿಖರವಾಗಿ ಹಿಡಿದಿಡುವ ಉಪಾಯ ರಸ್ತೆಯ ಮೇಲಿನ ಕಾರುಗಳಲ್ಲಿರಲಿಲ್ಲ.

ಈ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದರೆ 0.1 ವೋಲ್ಟ್, ಕಡಿಮೆಯಿದ್ದರೆ 0.9 ವೋಲ್ಟ್‌ನ ಹತ್ತಿರ ಸೂಚಿಸುತ್ತದೆ. ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು, ಹೀಗೆ ಎರಡು ಸೆನ್ಸರುಗಳಿರುತ್ತವೆ. ಕಂಪ್ಯೂಟರ್ ಪೆಟ್ರೋಲನ್ನು ಒಂದಿಷ್ಟು ಹೆಚ್ಚಿಸಿ ಒಂದಿಷ್ಟು ತಗ್ಗಿಸಿ ಆಡಿಸುತ್ತಲೇ ಇರುವುದರಿಂದ ಮುಂದಿನ ಸೆನ್ಸರಿನ ವೋಲ್ಟೇಜು ಸದಾ ಮೇಲೆ ಕೆಳಗೆ ಕುಣಿಯುತ್ತದೆ. ಕನ್ವರ್ಟರ್ ಗಟ್ಟಿಮುಟ್ಟಾಗಿದ್ದರೆ ಆಮ್ಲಜನಕದ ಈ ಏರಿಳಿತವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ಸೆನ್ಸರ್ 0.6, 0.7 ವೋಲ್ಟಿನ ಆಸುಪಾಸಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಕನ್ವರ್ಟರ್ ಸತ್ತರೆ ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗುತ್ತದೆ. ಕಂಪ್ಯೂಟರ್ ಹೋಲಿಸಿ ನೋಡುವುದು ಈ ಎರಡು ಗೆರೆಗಳನ್ನು, ಅಷ್ಟೇ. ಹೊಗೆಯೊಳಗಿನ ವಿಷವನ್ನು ಅದು ಅಳೆಯುವುದೇ ಇಲ್ಲ. ಎರಡು ಗೆರೆಗಳು ಒಂದೇ ಥರ ಕಂಡರೆ ಪಿ0420 ಎಂಬ ಸಂಕೇತ ಬರೆದಿಟ್ಟುಕೊಳ್ಳುತ್ತದೆ. ಒಂದೇ ಸಲಕ್ಕೆ ದೀಪ ಹೊತ್ತಿಸುವ ಆತುರವೂ ಅದಕ್ಕಿಲ್ಲ. ಎರಡು ಮೂರು ಓಟಗಳಲ್ಲಿ ದೋಷ ಮತ್ತೆ ಮತ್ತೆ ಕಂಡರೆ ಹಳದಿ ದೀಪ. ದೋಷ ಮಾಯವಾಗಿ ಮೂರು ಓಟ ಸರಿಯಾಗಿ ಮುಗಿದರೆ ದೀಪ ತಾನಾಗಿ ಆರುತ್ತದೆ, ಆದರೆ ಬರೆದಿಟ್ಟ ಸಂಕೇತ ಇನ್ನೂ ಬಹಳ ದಿನ ನೆನಪಿನಲ್ಲಿರುತ್ತದೆ. “ನಿನ್ನೆ ಹತ್ತಿತ್ತು, ಇವತ್ತು ತಾನೇ ಹೋಯ್ತು” ಎಂಬ ಸಂತೋಷಕ್ಕೆ ಇದೇ ಕಾರಣ.

ಕನ್ವರ್ಟರನ್ನು ಸಾಯಿಸುವುದು ಸುಲಭ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಆ ಕೆಲಸವನ್ನು ಕೆಲವೇ ಟ್ಯಾಂಕುಗಳಲ್ಲಿ ಮಾಡಿ ಮುಗಿಸುತ್ತಿತ್ತು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಅಲ್ಲಿಗೆ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು, 2000ದ ಫೆಬ್ರವರಿಯಿಂದ ಸೀಸ ದೇಶಕ್ಕೇ ವರ್ಜ್ಯವಾಯಿತು. ಗಂಧಕ ನಿಧಾನವಾಗಿ ಹಿಂಸಿಸುತ್ತದೆ. ಲೋಹದ ಲೇಪದ ಮೇಲೆ ಕುಳಿತು ಜಾಗ ಬಿಟ್ಟುಕೊಡುವುದಿಲ್ಲ. 2010ರಿಂದ 2017ರ ನಡುವೆ ನಗರದ ಕಾರುಗಳು ಹೊರಗಿನ ಇಂಧನ ಕುಡಿದದ್ದರಲ್ಲಿ ಇದ್ದ ತೊಂದರೆ ಇದು. ಎಲ್ಲಕ್ಕಿಂತ ಬೇಗ ಕೊಲ್ಲುವುದು ಕೆಟ್ಟ ಸ್ಪಾರ್ಕ್ ಪ್ಲಗ್. ಒಂದು ಸಿಲಿಂಡರ್ ಉರಿಯದೆ ಪೆಟ್ರೋಲು ಹಸಿಹಸಿಯಾಗಿ ಹೊಗೆಕೊಳವೆಗೆ ಹೋದರೆ ಅದು ಕನ್ವರ್ಟರಿನೊಳಗೆ ಹೊತ್ತಿಕೊಂಡು ಪಿಂಗಾಣಿಯನ್ನೇ ಕರಗಿಸಬಹುದು. ಎಂಜಿನ್ ದೀಪ ನೆಟ್ಟಗೆ ಉರಿಯುವುದಕ್ಕೂ ಮಿಣಮಿಣ ಮಿನುಗುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ನೆಟ್ಟಗೆ ಉರಿದರೆ ವಾರದೊಳಗೆ ಗ್ಯಾರೇಜು. ಮಿನುಗಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಸಾಧ್ಯವಾದರೆ ಅಲ್ಲೇ ಬದಿಗೆ ನಿಲ್ಲಿಸುವುದು.

ಉಳಿದ ದೀಪಗಳ ವಿಷಯ ಬೇರೆ; ಅವು ನಿಜಕ್ಕೂ ಮಾಲೀಕನ ಪರ. ಬಣ್ಣದ ಲೆಕ್ಕ ಸರಳ. ಕೆಂಪು ಅಂದರೆ ಈಗಲೇ ನಿಲ್ಲಿಸು, ಹಳದಿ ಅಂದರೆ ಬೇಗ ತೋರಿಸು, ಹಸಿರು ಮತ್ತು ನೀಲಿ ಬರೀ ಸುದ್ದಿ. ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪ ಎಣ್ಣೆಯ ಮಟ್ಟವನ್ನು ಹೇಳುವುದಿಲ್ಲ, ಅದರ ಒತ್ತಡ ಬಿದ್ದಿದೆ ಎನ್ನುತ್ತದೆ. ಆಮೇಲೂ ಓಡಿಸಿದರೆ ಬೇರಿಂಗುಗಳು ಕೆಲವೇ ನಿಮಿಷದಲ್ಲಿ ಸವೆದುಹೋಗುತ್ತವೆ. ಬ್ಯಾಟರಿಯ ಚಿತ್ರ ಕಂಡು ಬ್ಯಾಟರಿ ಬದಲಿಸಿದವರು ಬಹಳ ಮಂದಿ. ಅದು ದೂರುವುದು ಸಾಮಾನ್ಯವಾಗಿ ಚಾರ್ಜಿಂಗನ್ನು, ಅಂದರೆ ಆಲ್ಟರ್ನೇಟರನ್ನೋ ಅದರ ಬೆಲ್ಟನ್ನೋ. ವೃತ್ತದೊಳಗಿನ ಕೆಂಪು ಆಶ್ಚರ್ಯಸೂಚಕ ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಇಳಿದಿದೆ ಎಂದೇ ತಿಳಿಯಬೇಕು.

ಸೊಲ್ಲಾಪುರದ ಮೇ ತಿಂಗಳಿನಲ್ಲಿ ಹೆಚ್ಚು ಕೆಲಸ ಬೀಳುವುದು ಉಷ್ಣಮಾಪಕದ ಕೆಂಪು ದೀಪಕ್ಕೆ. ರೇಡಿಯೇಟರ್ ವ್ಯವಸ್ಥೆ ಕುಕ್ಕರಿನ ಹಾಗೆ: ಮುಚ್ಚಳದ ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. 43 ಡಿಗ್ರಿ ಬಿಸಿಲಿನಲ್ಲಿ ಎಸಿ ಹಾಕಿಕೊಂಡು, ಏಳು ಜನ ಕುಳಿತು, ಗುರುವಾರದ ಗರ್ದಿಯಲ್ಲಿ ಅಕ್ಕಲಕೋಟದ ಗುಡಿಯ ರಸ್ತೆಯಲ್ಲಿ ತೆವಳುವ ಕಾರಿಗೆ ಎದುರುಗಾಳಿಯೂ ಇಲ್ಲ, ಫ್ಯಾನ್ ಒಂದೇ ದಿಕ್ಕು. ದೀಪ ಹೊತ್ತಿದರೆ ಎಸಿ ಆರಿಸಿ, ಗಾಡಿ ನಿಲ್ಲಿಸಿ, ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟದಿರುವುದು ಕ್ಷೇಮ. ಬಿಸಿ ಎಂಜಿನ್‌ಗೆ ಬಾಟಲಿಯ ತಣ್ಣೀರು ಸುರಿಯುವ ರೂಢಿಯಿಂದ ಸಿಲಿಂಡರ್ ಹೆಡ್ ಬಿರುಕು ಬಿಟ್ಟ ಕಥೆ ಯಾವ ಮಿಸ್ತ್ರಿಯನ್ನು ಕೇಳಿದರೂ ಸಿಗುತ್ತದೆ.

ಇನ್ನು ಹೊರಗಿನ ಇನ್‌ಸ್ಪೆಕ್ಟರ್. ಕರ್ನಾಟಕದವರು ಎಮಿಷನ್ ಟೆಸ್ಟ್ ಎನ್ನುತ್ತಾರೆ, ಸೊಲ್ಲಾಪುರದ ಕಡೆ ಪಿಯುಸಿ. ಅಕ್ಕಲಕೋಟದ ರಸ್ತೆಯಲ್ಲಿ ಎಂಎಚ್-13ರ ಗಾಡಿಗಳ ನಡುವೆ ವಿಜಯಪುರದ ಕೆಎ-28, ಕಲಬುರಗಿಯ ಕೆಎ-32 ಹಲಗೆಗಳು ಸದಾ ಕಾಣುತ್ತವೆ. ಯಾವ ರಾಜ್ಯದಲ್ಲಿ ಪಡೆದದ್ದಾದರೂ ಈ ಪ್ರಮಾಣಪತ್ರ ದೇಶದ ತುಂಬ ನಡೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮ ಇದರ ತಾಯಿಬೇರು. ಹೊಸ ಗಾಡಿಗೆ ನೋಂದಣಿಯಿಂದ ಒಂದು ವರ್ಷ ವಿನಾಯಿತಿ. ಅನಂತರ ಬಿಎಸ್-4 ಮತ್ತು ಬಿಎಸ್-6 ಗಾಡಿಗಳು ವರ್ಷಕ್ಕೊಮ್ಮೆ, ಹಳೆಯವು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. 2019ರ ತಿದ್ದುಪಡಿಯ ನಂತರ ಹೊಗೆ ನಿಯಮ ಮುರಿದವರಿಗೆ ಕಾಯ್ದೆ ಹೇಳುವ ಗರಿಷ್ಠ ದಂಡ 10,000 ರೂಪಾಯಿ. ಮೂರು ತಿಂಗಳ ಜೈಲಿನ ಮಾತೂ ಅಲ್ಲಿದೆ. ರಸ್ತೆಯಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಆಯಾ ರಾಜ್ಯ ಗೊತ್ತುಮಾಡುತ್ತದೆ.

ಪರೀಕ್ಷೆ ನಡೆಯುವುದು ಪೆಟ್ರೋಲ್ ಪಂಪಿನ ಮೂಲೆಯ ಸಣ್ಣ ಕೋಣೆಯಲ್ಲಿ, ಇಲ್ಲವೇ ಅಲ್ಲೇ ನಿಂತ ವ್ಯಾನಿನಲ್ಲಿ. ಹುಡುಗ ಒಂದು ಲೋಹದ ನಳಿಕೆಯನ್ನು ಸೈಲೆನ್ಸರಿನೊಳಗೆ ತೂರಿಸುತ್ತಾನೆ. ಅದು 30 ಸೆಂಟಿಮೀಟರ್ ಒಳಗೆ ಹೋಗಬೇಕು; ತುದಿಯಲ್ಲೇ ಸಿಕ್ಕಿಸಿದರೆ ಹೊರಗಿನ ಗಾಳಿ ಬೆರೆತು ಎಲ್ಲ ಗಾಡಿಗಳೂ ಪುಣ್ಯವಂತರಾಗಿಬಿಡುತ್ತವೆ. ಹೊಗೆ ಹೋಗುವ ಪೆಟ್ಟಿಗೆಯಲ್ಲಿ ಅವಕೆಂಪು ಬೆಳಕಿದೆ. ಇಂಗಾಲದ ಮೊನಾಕ್ಸೈಡ್ ಆ ಬೆಳಕಿನ 4.6 ಮೈಕ್ರಾನ್ ತರಂಗವನ್ನು ಹೀರಿಕೊಂಡರೆ ಹೈಡ್ರೋಕಾರ್ಬನ್ 3.4ರ ಆಸುಪಾಸಿನದನ್ನು ಹೀರುತ್ತದೆ. ಎಷ್ಟು ಬೆಳಕು ಆಚೆ ದಾಟಲಿಲ್ಲ ಎಂಬುದರಿಂದ ಎಷ್ಟು ಅನಿಲವಿದೆ ಎಂಬ ಲೆಕ್ಕ. ಬಿಎಸ್-4, ಬಿಎಸ್-6ರ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಆಮೇಲೆ ಎಂಜಿನನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿ ಹಿಡಿಯಬೇಕು. ಆಗ ಮೊನಾಕ್ಸೈಡ್ ಶೇ 0.2 ಮೀರಬಾರದು, ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಡೀಸೆಲ್‌ಗೆ ಅನಿಲದ ಅಳತೆಯಿಲ್ಲ. ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿ, ಹೊಗೆ ಬೆಳಕನ್ನು ಎಷ್ಟು ಮುಚ್ಚುತ್ತದೆ ಎಂದು ನೋಡುತ್ತಾರೆ. ಹಳೆಯ ಗಾಡಿಗೆ ಈ ಅಂಕಿ 2.45ರವರೆಗೆ ನಡೆಯುತ್ತಿತ್ತು, ಬಿಎಸ್-4ಕ್ಕೆ 1.62, ಬಿಎಸ್-6ಕ್ಕೆ 0.7. ನಂಬರ್ ಪ್ಲೇಟಿನ ಫೋಟೊ, ಮಾಲೀಕನ ಮೊಬೈಲಿಗೆ ಒಟಿಪಿ, 2021ರಿಂದ ಕ್ಯೂಆರ್ ಕೋಡ್ ಇರುವ ಏಕರೂಪದ ಪ್ರಮಾಣಪತ್ರ; ನಪಾಸಾದರೆ ಕಾರಣ ಬರೆದ ತಿರಸ್ಕಾರದ ಚೀಟಿ.

ಪರೀಕ್ಷೆಗೆ ಹೋಗುವವರು ಪಾಲಿಸಬೇಕಾದ ಒಂದೇ ಗುಟ್ಟಿದೆ: ಎಂಜಿನ್ ಬಿಸಿಯಿರಬೇಕು. 250, 300 ಡಿಗ್ರಿಗೆ ಕಾಯುವವರೆಗೆ ಕನ್ವರ್ಟರ್ ಕೆಲಸಕ್ಕೇ ಇಳಿಯುವುದಿಲ್ಲ. ಮನೆಯಿಂದ ಎರಡು ಓಣಿ ದಾಟಿ ಪಂಪಿಗೆ ಬಂದ ಒಳ್ಳೆಯ ಕಾರು ನಪಾಸಾಗಬಹುದು. ಹೆದ್ದಾರಿಯಲ್ಲಿ 20 ನಿಮಿಷ ಓಡಿ ಬಂದರೆ ಅದೇ ಕಾರು ಪಾಸು. ಸೈಲೆನ್ಸರಿನಲ್ಲಿ ತುಕ್ಕಿನ ತೂತಿದ್ದರೆ ಹೊರಗಿನ ಗಾಳಿ ಒಳಸೇರಿ ಲ್ಯಾಂಬ್ಡಾ ಲೆಕ್ಕ ತಪ್ಪುತ್ತದೆ. ಅದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ, ವೆಲ್ಡಿಂಗ್ ಸಾಕು.

ಈಗ ಇಬ್ಬರು ಇನ್‌ಸ್ಪೆಕ್ಟರುಗಳನ್ನು ಎದುರುಬದುರು ನಿಲ್ಲಿಸಿ ನೋಡಿದರೆ ವಿಚಿತ್ರ ಎದ್ದು ಕಾಣುತ್ತದೆ. ಒಬ್ಬ ವರ್ಷವಿಡೀ ಕಾರಿನೊಳಗೆ ಕುಳಿತು ಪ್ರತಿ ಓಟವನ್ನೂ ನೋಡುತ್ತಾನೆ. ಇನ್ನೊಬ್ಬ ವರ್ಷಕ್ಕೊಮ್ಮೆ ಕೆಲವು ನಿಮಿಷ, ಅದೂ ನಿಂತ ಗಾಡಿಯನ್ನು ನೋಡುತ್ತಾನೆ. ಇಬ್ಬರಿಗೂ ಮಾತುಕತೆಯೇ ಇಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ತಪಾಸಣೆಯೆಂದರೆ ಆ 16 ಪಿನ್ನಿನ ಸಾಕೆಟ್ಟಿಗೆ ಯಂತ್ರ ಜೋಡಿಸಿ ಕಾರಿನ ನೆನಪನ್ನೇ ಓದುವುದು. ಎಂಜಿನ್ ದೀಪ ಉರಿಯುತ್ತಿದ್ದರೆ ಮುಂದೆ ಮಾತಿಲ್ಲ, ನಪಾಸು. ನಮ್ಮ ಪಿಯುಸಿ ಕೋಣೆಯಲ್ಲಿ ಡ್ಯಾಶ್‌ಬೋರ್ಡ್ ಕಡೆ ಯಾರೂ ಬಗ್ಗಿ ನೋಡುವುದಿಲ್ಲ. ಹಳದಿ ದೀಪ ಉರಿಯುತ್ತಿರುವಾಗಲೇ ಪಾಸಾಗಿ ಪ್ರಮಾಣಪತ್ರವನ್ನು ಗ್ಲೋವ್ ಬಾಕ್ಸಿಗೆ ಹಾಕಿಕೊಂಡು ಹೋಗಲು ಏನೂ ಅಡ್ಡಿಯಿಲ್ಲ. ಸಾರಜನಕದ ಆಕ್ಸೈಡುಗಳನ್ನಂತೂ ಪಿಯುಸಿ ಅಳೆಯುವುದೇ ಇಲ್ಲ. ಅವು ಹೆಚ್ಚು ಹುಟ್ಟುವುದು ಎಂಜಿನ್ ಮೇಲೆ ಭಾರ ಬಿದ್ದಾಗ, ನಿಂತ ಗಾಡಿಯಲ್ಲಲ್ಲ.

ನಿಂತಲ್ಲಿ ಮಾಡಿದ ಪರೀಕ್ಷೆಗೂ ರಸ್ತೆಯ ಸತ್ಯಕ್ಕೂ ಎಷ್ಟು ಅಂತರವಿರಬಹುದು ಎಂಬುದನ್ನು ಜಗತ್ತು 2015ರ ಸೆಪ್ಟೆಂಬರಿನಲ್ಲಿ ಕಂಡಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿದಾಗ ಮಾತ್ರ ಹೊಗೆ ತೊಳೆಯುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿತ್ತು. ಅದನ್ನು ಬಯಲಿಗೆಳೆದ ಸರಣಿ ಶುರುವಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳತೆಯಂತ್ರವನ್ನು ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ರಸ್ತೆಗಿಳಿದಾಗ. ಭಾರತದಲ್ಲಿ ಆ ಕಾರುಗಳನ್ನು ಪರೀಕ್ಷಿಸಿದ್ದು ಸೊಲ್ಲಾಪುರದ ಹೆದ್ದಾರಿಯ ಇನ್ನೊಂದು ತುದಿಯಾದ ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ. ಕಂಪನಿ ಇಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2023ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ನಮ್ಮಲ್ಲೂ ರಸ್ತೆಯ ಮೇಲೆಯೇ ಹೊಗೆ ಅಳೆಯುವ ನಿಯಮ ಬಂದಿದೆ, ಓಬಿಡಿ ಇನ್ನಷ್ಟು ಬಿಗಿಯಾಗಿದೆ. ಕಾರ್ಖಾನೆಯ ಬಾಗಿಲಿನವರೆಗೆ ಎಲ್ಲ ಆಧುನಿಕ. ಅಲ್ಲಿಂದಾಚೆ ಹತ್ತು ಹದಿನೈದು ವರ್ಷ ಮತ್ತೆ ಅದೇ ನಳಿಕೆ.

ಅಕ್ಕಲಕೋಟ ರಸ್ತೆಯ ಇಕ್ಕೆಲದ ಕಬ್ಬು ಈಚೆಗೆ ಈ ಕಥೆಯೊಳಗೆ ನುಗ್ಗಿದೆ. ಸಕ್ಕರೆ ಕಾರ್ಖಾನೆಗಳಿಗೆ ಹೆಸರಾದ ಈ ಜಿಲ್ಲೆಯ ಕಬ್ಬಿನ ಒಂದು ಪಾಲು ಎಥನಾಲ್ ಆಗಿ ಪೆಟ್ರೋಲ್ ಟ್ಯಾಂಕ್ ಸೇರುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಬೆರೆಸುವ ಗುರಿ ಮುಟ್ಟಿದ್ದಾಗಿದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಅದರ ಒಂದು ತೂಕಕ್ಕೆ ಗಾಳಿ 9 ತೂಕ ಸಾಕು. ಹೀಗಾಗಿ ಶೇ 20ರ ಮಿಶ್ರಣದ ಹದ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರಿನ ಕಂಪ್ಯೂಟರಿಗೆ ಕಬ್ಬೂ ಗೊತ್ತಿಲ್ಲ, ಕಾರ್ಖಾನೆಯೂ ಗೊತ್ತಿಲ್ಲ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಯಿತು ಎಂದು ಮುಂದಿನ ಸೆನ್ಸರ್ ಹೇಳಿದರೆ ಇಂಧನವನ್ನು ನೂರಕ್ಕೆ ಆರೋ ಎಂಟೋ ಪಾಲು ಹೆಚ್ಚಿಸಿ ಸರಿದೂಗಿಸುತ್ತದೆ. ಹೀಗೆ ಹೆಚ್ಚಿಸಲು ಸಾಮಾನ್ಯವಾಗಿ ಶೇ 25ರ ಆಸುಪಾಸಿನ ಮಿತಿಯಿರುತ್ತದೆ. ಗಟ್ಟಿಯಾದ ಕಾರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಗಾಳಿಕೊಳವೆಯ ರಬ್ಬರ್ ಬಿರುಕು ಬಿಟ್ಟು, ಪಂಪು ಸವೆದು, ಆಗಲೇ ಆ ಮಿತಿಯ ಹತ್ತಿರದವರೆಗೆ ಹೆಚ್ಚು ಕುಡಿಯುತ್ತಿದ್ದ ಹಳೆಯ ಕಾರಿಗೆ ಇದೊಂದು ಸೇರಿದರೆ ಮಿತಿ ಮುಗಿದು ಪಿ0171, ಅಂದರೆ ಇಂಧನ ಸಾಲುತ್ತಿಲ್ಲ ಎಂಬ ಸಂಕೇತ ಬೀಳಬಹುದು. ಬೈಗುಳವೆಲ್ಲ ಪೆಟ್ರೋಲಿಗೆ ಹೋಗುತ್ತದೆ, ಬಿರುಕು ಬಿಟ್ಟ ರಬ್ಬರ್ ಹಾಗೇ ಉಳಿಯುತ್ತದೆ. ಇಂಥ ಕಾರಿಗೆ ಇಂಟರ್ನೆಟ್ಟಿನ ಅಮೆರಿಕನ್ ಸಲಹೆಯಂತೆ ಪೆಟ್ರೋಲ್ ಮುಚ್ಚಳ ಬಿಗಿ ಮಾಡಿ ದೀಪ ಆರುವುದನ್ನು ಕಾಯುತ್ತ ಕೂರುವುದು ವ್ಯರ್ಥ. ಟ್ಯಾಂಕಿನಿಂದ ಆವಿ ಸೋರುವುದನ್ನು ಪರೀಕ್ಷಿಸಬೇಕೆಂಬ ನಿಯಮ ಅವರದು. ಯುರೋಪಿನ ಜಾಡು ಹಿಡಿದ ನಮ್ಮ ಓಬಿಡಿಯಲ್ಲಿ ಅದು ಕಡ್ಡಾಯವಿಲ್ಲ.

ಬಿಎಸ್-6 ಡೀಸೆಲ್ ಕಾರಿನವರಿಗೆ ಇನ್ನೊಂದು ಹಳದಿ ದೀಪದ ಕಾಟ: ಚುಕ್ಕಿಗಳು ತುಂಬಿದ ಪೆಟ್ಟಿಗೆಯ ಚಿತ್ರ. ಅದು ಡಿಪಿಎಫ್, ಮಸಿ ಹಿಡಿಯುವ ಫಿಲ್ಟರ್. ಹಿಡಿದ ಮಸಿಯನ್ನು ಸುಡಲು ಹೊಗೆ 550, 600 ಡಿಗ್ರಿಗೆ ಕಾಯಬೇಕು. ಸೊಲ್ಲಾಪುರದ ಪೇಟೆಯೊಳಗೆ ದಿನಕ್ಕೆರಡು ಸಲ ಮೂರು ಕಿಲೋಮೀಟರ್ ಓಡುವ ಕಾರಿಗೆ ಆ ಕಾವು ಬರುವುದೇ ಇಲ್ಲ. ದೀಪ ಕಂಡೊಡನೆ ಹೆದ್ದಾರಿಗೆ ಹೋಗಿ, ಗಂಟೆಗೆ 60, 70 ಕಿಲೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ಅರ್ಧ ಗಂಟೆ ಓಡಿಸಿದರೆ ಹೆಚ್ಚಿನ ಸಲ ಮಸಿ ತಾನೇ ಸುಟ್ಟು ದೀಪ ಆರುತ್ತದೆ. ಅಂದರೆ ಹೆಚ್ಚುಕಡಿಮೆ ಅಕ್ಕಲಕೋಟದವರೆಗೆ. ದರ್ಶನದ ನೆಪದಲ್ಲಿ ಫಿಲ್ಟರೂ ಚೊಕ್ಕಟ.

ದೀಪವನ್ನು ಆರಿಸಲು ಅಡ್ಡದಾರಿಗಳೂ ಇವೆ. ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಡಾಂಗಲನ್ನು ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಬರೆದಿಟ್ಟ ಸಂಕೇತಗಳು ಅಳಿಸಿಹೋಗುತ್ತವೆ, ದೀಪ ಆರುತ್ತದೆ. ಹಳೆಯ ಕಾರು ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಸಂಕೇತ ಅಳಿಸಿದಾಗ ಕನ್ವರ್ಟರ್, ಸೆನ್ಸರ್ ಇತ್ಯಾದಿಗಳ ತಪಾಸಣೆ ಮುಗಿದಿದೆ ಎಂಬ ಗುರುತುಗಳೂ ಅಳಿಯುತ್ತವೆ. ಮತ್ತೆ ಅವು ಮೂಡಲು ಕಾರು ಹಲವು ಸಲ ಓಡಬೇಕು. ಅಮೆರಿಕದ ತಪಾಸಣೆ ಕೇಂದ್ರಗಳು ಈ ಗುರುತುಗಳಿಲ್ಲದ ಕಾರನ್ನು ವಾಪಸ್ ಕಳಿಸುತ್ತವೆ. ಇಲ್ಲಿ ಕೇಳುವ ಅಧಿಕಾರಿ ಇಲ್ಲದಿದ್ದರೂ ಕೊಳ್ಳುವವನು ಅದೇ ಅಗ್ಗದ ಡಾಂಗಲ್ ಹಿಡಿದು ಕೇಳಬಹುದು. ಎಲ್ಲ ಪರೀಕ್ಷೆಗಳೂ ಅಪೂರ್ಣ ಎಂದು ಮೊಬೈಲ್ ತೋರಿಸಿದರೆ, ಯಾರೋ ನಿನ್ನೆ ಮೊನ್ನೆ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಇನ್ನೂ ಹಳೆಯ ಉಪಾಯವೆಂದರೆ ದೀಪದ ಬಲ್ಬನ್ನೇ ಕಿತ್ತುಹಾಕುವುದು, ಇಲ್ಲವೇ ಕಪ್ಪು ಟೇಪು ಅಂಟಿಸುವುದು. ಅದಕ್ಕೆ ಡಾಂಗಲೂ ಬೇಕಿಲ್ಲ: ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಎಣ್ಣೆ, ಬ್ಯಾಟರಿ, ಏರ್‌ಬ್ಯಾಗ್, ಎಂಜಿನ್ ದೀಪಗಳು ಒಮ್ಮೆ ಹೊತ್ತಬೇಕು. ಯಾವುದು ಹೊತ್ತುವುದಿಲ್ಲವೋ ಅದರ ಬಗ್ಗೆಯೇ ಮಾರುವವನನ್ನು ಮೊದಲು ವಿಚಾರಿಸಬೇಕು. ಬೆಲೆಯ ಮಾತು ಆಮೇಲೆ.